ಕಾಜಪ್ಪನ ದೂರದ ಕಣ್ಣು

ಎದುರಂಗಡಿಯ ದರ್ಜಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ದಿನಾ ಬೆಳಿಗ್ಗೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಸೂಜಿಗೆ ದಾರ ಪೋಣಿಸತೊಡಗಿದ. ಸೂಜಿಯನ್ನು ಬೆಳಕಿಗೆ ಹಿಡಿದು, ಉಫ್ ಎಂದು ಊದಿ, ಕೈಯನ್ನೊಮ್ಮೆ ತಿರುಗಿಸಿದರೆ ದಾರ ನೇತಾಡುತ್ತಿತ್ತು. ಹೋಗುವವರು ಬರುವವರು ನಿಂತು ನೋಡಿ ತಲೆದೂಗುತ್ತಿದ್ದರು. ರಸ್ತೆಯ ಈ ಬದಿಯ ಅಂಗಡಿಯಲ್ಲಿ ಕಾಜಪ್ಪನ ಹೊಟ್ಟೆಯೊಳಗೆ ಇಸ್ತ್ರಿಪೆಟ್ಟಿಗೆಯ ಕೆಂಡ ನಿಗಿನಿಗಿ ಎನ್ನುತ್ತಿತ್ತು.

ಕಾಜಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಗುಂಡಿ ತೂರುವ ಕಾಜಾವನ್ನು ಕೈಯಲ್ಲಿ ಅವನಷ್ಟು ಅಚ್ಚುಕಟ್ಟಾಗಿ ಹೊಲಿಯುವವರು ಇಲ್ಲವೆಂದು ಬೀದಿಯವರು ಕೊಟ್ಟ ಬಿರುದು. ಹನ್ನೊಂದು ವರ್ಷದಿಂದ ಶಾಲೆಯ ಸಮವಸ್ತ್ರದ ಕೆಲಸ ಅವನದೇ. ಆದರೆ ಹೋದ ಸಲ ಕಡುನೀಲಿ ಕೋಟುಗಳಿಗೆಲ್ಲ ಕಪ್ಪು ದಾರದಲ್ಲಿ ಕಾಜಾ ಹಾಕಿ ಕಳಿಸಿಬಿಟ್ಟಿದ್ದ. ಪೊರೆ ಬಂದ ಕಣ್ಣಿಗೆ ಎರಡೂ ಬಣ್ಣ ಒಂದೇ ತಾಯಿ ಮಕ್ಕಳಂತೆ ಕಂಡಿದ್ದವು. ಶಾಲೆಯ ಹೆಡ್ ಮೇಡಂ ಈ ಸಲ ಕಡ್ಡಿ ಮುರಿದಂತೆ ಹೇಳಿದ್ದರು: ಶುಕ್ರವಾರ ನಾಲ್ಕು ಗಂಟೆಗೆ ಬರುತ್ತೇನೆ, ನನ್ನ ಕಣ್ಣೆದುರೇ ದಾರ ಆರಿಸಿ, ಪೋಣಿಸಿ, ಒಂದು ಕಾಜಾ ಹಾಕಿ ತೋರಿಸಬೇಕು. ಆಗದಿದ್ದರೆ ಎದುರಂಗಡಿ ಇದೆ.

ಎದುರಂಗಡಿ ಇದೆ ಎಂಬ ಆ ಕೊನೆಯ ಮಾತೇ ಕಾಜಪ್ಪನನ್ನು ಆಸ್ಪತ್ರೆಗೆ ಓಡಿಸಿದ್ದು. ಎದುರಂಗಡಿಯವನು ಹೋಗಿದ್ದ ಅದೇ ಆಸ್ಪತ್ರೆ, ಅದೇ ಡಾಕ್ಟರು. ಗುರುವಾರ ಬಲಗಣ್ಣಿನ ಆಪರೇಷನ್ ಆಯಿತು. ಕಣ್ಣಿಗೆ ಕತ್ತರಿಯೇ ಇಳಿಯುತ್ತದೆಂದು ನಡುಗುತ್ತ ಮಲಗಿದವನಿಗೆ ಮರಗಟ್ಟಿಸುವ ಮದ್ದಿನ ತೊಟ್ಟು ಹಾಕಿದರು. ಮೇಲೊಂದು ಬೆಳಕು ಕಂಡಿತು, ಯಾರೋ ತಣ್ಣೀರು ಚಿಮುಕಿಸಿದಂತಾಯಿತು, ನೋವಿಗೆ ಕಾಯುತ್ತಿರುವಾಗಲೇ ಮುಗಿಯಿತು ಎಂದರು. ಕಾಲು ಗಂಟೆಯೂ ಹಿಡಿದಿರಲಿಲ್ಲ. ಎದುರಂಗಡಿಯವನಿಗೆ ಎಷ್ಟು ನಿಮಿಷ ಹಿಡಿಯಿತು ಎಂದು ಕಾಜಪ್ಪ ಮಲಗಿದಲ್ಲಿಂದಲೇ ವಿಚಾರಿಸಿದ.

ಶುಕ್ರವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಆಸ್ಪತ್ರೆಯ ಗೋಡೆ ಬೆಣ್ಣೆಯ ಬಣ್ಣದ್ದಲ್ಲ, ಹಾಲಿನಂಥ ಬಿಳಿ ಎಂಬುದು ತಿಳಿಯಿತು. ನರ್ಸಮ್ಮ ನಿಯಮಗಳನ್ನು ಹೇಳಿದರು. ದಿನಕ್ಕೆ ನಾಲ್ಕು ಸಲ ತೊಟ್ಟು ಹಾಕಬೇಕು, ಕಣ್ಣು ಉಜ್ಜಬಾರದು, ನೀರು ತಾಗಿಸಬಾರದು, ಭಾರ ಎತ್ತಬಾರದು, ಒಂದು ವಾರ ಹೊಲಿಗೆ ಮಿಷನ್ ಮುಟ್ಟಬಾರದು. ನೋವು ಹೆಚ್ಚಾದರೆ, ಕಣ್ಣು ಮಂಜಾದರೆ ತಕ್ಷಣ ಬರಬೇಕು. ಕಾಜಪ್ಪ ಎಲ್ಲಕ್ಕೂ ತಲೆಯಾಡಿಸಿ, ಎದುರಂಗಡಿಯವನಿಗೂ ದಿನಕ್ಕೆ ನಾಲ್ಕೇ ತೊಟ್ಟೋ, ಅಥವಾ ಐದೋ ಎಂದು ಕೇಳಿದ.

ಕಪ್ಪು ಕನ್ನಡಕ ಏರಿಸಿ ಬೀದಿಗೆ ಬಂದಾಗ ಪಕ್ಕದ ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಹಾಗೇ ಬಿಟ್ಟು ಹೊರಗೆ ಓಡಿಬಂದ. ಎಡಗಣ್ಣು ಮುಚ್ಚಿಸಿ, ಎದುರಂಗಡಿಯ ಬೋರ್ಡು ಓದಿಸಿದ. ಕಾಜಪ್ಪ ಬೋರ್ಡಷ್ಟೇ ಅಲ್ಲ, ಬೋರ್ಡಿನ ಮೇಲೆ ಕೂತ ನೊಣವನ್ನೂ, ಒಳಗೆ ತೂಗುಹಾಕಿದ್ದ ಪ್ಯಾಂಟಿನ ಇಸ್ತ್ರಿ ಗೆರೆ ಸೊಟ್ಟಗಿರುವುದನ್ನೂ ಹೇಳಿದ. ಹೊಟ್ಟೆಯ ಕೆಂಡ ಅಂದು ಮೊದಲ ಬಾರಿಗೆ ಬೂದಿಯಾಯಿತು.

ಮೂರು ಗಂಟೆಗೆ ಅಭ್ಯಾಸಕ್ಕೆಂದು ಸೂಜಿ ಕೈಗೆತ್ತಿಕೊಂಡ. ಸೂಜಿ ಕಾಣಲಿಲ್ಲ. ಬೆರಳಿದ್ದಲ್ಲಿ ಬೆಳ್ಳಗೆ ಮೋಡದ ಬಾಲದಂಥದ್ದೇನೋ ಇತ್ತು. ದಾರ ಒಮ್ಮೆ ಗಾಳಿಯಲ್ಲಿ, ಒಮ್ಮೆ ಮೀಸೆಯಲ್ಲಿ ಹೋಗಿ ನಿಂತಿತು. ಹಳೆಯ ಕನ್ನಡಕ ಹಾಕಿದರೆ ಮೋಡ ಇನ್ನಷ್ಟು ದಪ್ಪವಾಯಿತು. ಕ್ಷೌರದಂಗಡಿಯವನು ದಾರಕ್ಕೆ ಸೋಪು ಹಚ್ಚಿ ನೋಡಿ ಎಂದು ತನ್ನ ನೊರೆಯ ಬಟ್ಟಲನ್ನೇ ತಂದ.

ಒಳಗೆ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದ ಹೆಂಡತಿ ಕೆಲಸ ನಿಲ್ಲಿಸಿದಳು. "ರೀ, ಅಲ್ಲಿರೋ ನೊಣ ಕಾಣುತ್ತೆ, ಕೈಲಿರೋ ಸೂಜಿ ಕಾಣಲ್ವಾ? ಡಾಕ್ಟ್ರು ಏನೂ ಹೇಳ್ಲಿಲ್ವಾ?"

ಕಾಜಪ್ಪ ಬಾಯಿ ಬಿಡಲೇಬೇಕಾಯಿತು. ಡಾಕ್ಟರು ಹೇಳಿದ್ದರು. ಕಣ್ಣೊಳಗೆ ಕೂರಿಸುವ ಲೆನ್ಸು ದೂರಕ್ಕೆ ಹೊಂದಿದರೆ ಹತ್ತಿರಕ್ಕೆ ಕನ್ನಡಕ ಬೇಕು, ಅದನ್ನು ಕಣ್ಣಿನ ಗಾಯ ಮಾಯ್ದ ಮೇಲೆ ಒಂದು ತಿಂಗಳಿಗೆ ಕೊಡುವುದು. ನೀವು ಹೊಲಿಯುವವರು, ಹತ್ತಿರಕ್ಕೇ ಇಡಲೇ ಎಂದು ಎರಡು ಸಲ ಕೇಳಿದ್ದರು.

"ನೀವೇನಂದ್ರಿ?"

"ನಮ್ಮ ರಸ್ತೆ ಮೂವತ್ತಡಿ ಅಗಲ ಇದೆ, ಅಷ್ಟಕ್ಕೆ ಸರಿಯಾಗಿ ಕೂರಿಸಿ ಅಂದೆ. ಅವನ ಅಂಗಡಿಗೆ ಯಾರ್ಯಾರು ಹೋಗ್ತಾರೆ ಅಂತ ಗೊತ್ತಾಗ್ಬೇಡ್ವಾ?"

ಹೆಂಡತಿ ಹಣೆ ಚಚ್ಚಿಕೊಳ್ಳುವ ಮುಂಚೆಯೇ ಮೇಡಂ ಬಂದುಬಿಟ್ಟರು, ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲೇ.

ದಾರ ಆರಿಸುವುದರಲ್ಲಿ ಕಾಜಪ್ಪ ಗೆದ್ದ. ರೀಲುಗಳನ್ನು ಮೇಜಿನ ಆ ತುದಿಗೆ ಸಾಲಾಗಿ ನಿಲ್ಲಿಸಿ, ತಾನು ಗೋಡೆಗೆ ಅಂಟಿ ನಿಂತು, ಕಡುನೀಲಿಗೇ ಬೆರಳು ತೋರಿದ. ಮೇಡಂ ಮುಖ ಅರಳಿತು. ಪೋಣಿಸುವುದರಲ್ಲಿ ಸೋತ. ಏಳನೆಯ ಸಲಕ್ಕೆ ಬೆರಳಲ್ಲಿ ರಕ್ತ ಬಂತು. ಮೇಡಂ ಗಡಿಯಾರ ನೋಡಿಕೊಂಡು, ನೀವು ವಿಶ್ರಾಂತಿ ತಗೊಳ್ಳಿ ಮಾಸ್ಟ್ರೇ ಎಂದು ಮೆತ್ತಗೆ ಹೇಳಿ ರಸ್ತೆ ದಾಟಿದರು.

ಕಾಜಪ್ಪ ನಿಂತಲ್ಲೇ ನೋಡಿದ. ಹೊಸ ಕಣ್ಣು ಒಂದನ್ನೂ ಬಿಡಲಿಲ್ಲ. ಎದುರಂಗಡಿಯವನು ಸೂಜಿಯನ್ನು ಬೆಳಕಿಗೆ ಹಿಡಿದ. ಉಫ್ ಎಂದ. ಕೈ ತಿರುಗಿಸಿದ. ಬರೀ ಸೂಜಿ ಅಂಗಿಯ ತೋಳಿನೊಳಗೆ ಜಾರಿತು. ಕಾಲರಿನ ಕೆಳಗಿನಿಂದ ದಾರ ಸಮೇತ ಇನ್ನೊಂದು ಸೂಜಿ ಹೊರಬಂತು.

ನರ್ಸಮ್ಮ ಓಡಬಾರದು ಎಂದಿರಲಿಲ್ಲ. ಕಾಜಪ್ಪ ಓಡಿದ, ಹಿಂದೆ ಹೆಂಡತಿ, ಅವಳ ಹಿಂದೆ ನೊರೆಯ ಬಟ್ಟಲು. ಹೋದವನೇ ಎಲ್ಲರೆದುರು ಕಾಲರು ಎತ್ತಿ ಹಿಡಿದ. ಹತ್ತಾರು ಸೂಜಿಗಳಿಂದ ದಾರಗಳು ಜರಿಹುಳುವಿನ ಕಾಲುಗಳಂತೆ ಇಳಿಬಿದ್ದಿದ್ದವು.

ಎದುರಂಗಡಿಯವನು ಮೇಡಂ ಮುಖ ನೋಡಲಿಲ್ಲ. "ನಾನೂ ದೂರಕ್ಕೇ ಇಡಿಸ್ಕೊಂಡೆ. ಹನ್ನೊಂದು ವರ್ಷ ಇವನಿಗೇ ಕೊಟ್ರಿ. ಆ ಕಾಜಾದಲ್ಲಿ ಅಂಥದ್ದೇನಿದೆ ಅಂತ ಇಲ್ಲಿಂದಲೇ ನೋಡಿ ಕಲಿಯೋಣ ಅಂತ."

ಕಾಜಪ್ಪನಿಗೆ ಒಂದು ಗಳಿಗೆ ಕಲ್ಲುಸಕ್ಕರೆ ತಿಂದಂತಾಯಿತು. ತನ್ನನ್ನು ಕಂಡೂ ಒಬ್ಬನಿಗೆ ಹೊಟ್ಟೆ ಉರಿದಿತ್ತು.

ಹಾಗಾದರೆ ಈ ಸೂಜಿಗಳನ್ನು ಪೋಣಿಸಿದವರು ಯಾರು ಎಂದು ಮೇಡಂ ಕೇಳಿದರು. ಪರದೆಯ ಹಿಂದಿನಿಂದ ಎದುರಂಗಡಿಯವನ ಹೆಂಡತಿ ಬಂದು ನಿಂತಳು, ಹಲ್ಲಿನಲ್ಲಿ ದಾರದ ತುಂಡು ಹಾಗೇ ಇತ್ತು. ಮೇಡಂ ಇಬ್ಬರು ಹೆಂಗಸರನ್ನೂ ಕೂರಿಸಿ ಒಂದೊಂದು ಕಾಜಾ ಹಾಕಿಸಿದರು. ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಸಮವಸ್ತ್ರದ ಕೆಲಸವನ್ನು ಇಬ್ಬರಿಗೂ ಸೇರಿಸಿ ಕೊಟ್ಟು ಹೊರಟುಹೋದರು. ಎದುರಂಗಡಿಯಲ್ಲಿ ಜಾಗ ಹೆಚ್ಚಿದ್ದರಿಂದ ಕೆಲಸ ಅಲ್ಲೇ ಎಂದು ಹೆಂಗಸರು ತೀರ್ಮಾನಿಸಿದರು. ಗಂಡಸರು ಕಾಲಿಗೆ ಅಡ್ಡ ಸಿಗುತ್ತಾರೆಂದು ಅಂಗಡಿಯ ಒಡೆಯನನ್ನು ಮೆಟ್ಟಿಲಿಗೂ, ಕಾಜಪ್ಪನನ್ನು ರಸ್ತೆಯಾಚೆಗೂ ಕಳಿಸಿದರು.

ಸಂಜೆ ಕಾಜಪ್ಪ ಖಾಲಿ ಅಂಗಡಿಯಲ್ಲಿ ಕೂತು ನೋಡಿದ. ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ತನ್ನ ಹೆಂಡತಿ ಅಷ್ಟು ನಕ್ಕಿದ್ದನ್ನು ಅವನು ಈ ಅಂಗಡಿಯಲ್ಲಿ ಎಂದೂ ಕಂಡಿರಲಿಲ್ಲ. ಕೆಂಡ ಬೂದಿ ಕೊಡವಿಕೊಂಡು ಎದ್ದಿತು.

ಅಷ್ಟರಲ್ಲಿ ಆಸ್ಪತ್ರೆಯಿಂದ ನರ್ಸಮ್ಮನ ಫೋನು. ನೋವಿಲ್ಲ ತಾನೆ, ತೊಟ್ಟು ಹಾಕಿದಿರಾ ಎಂದು ವಿಚಾರಿಸಿ, ಮುಂದೆ ಆಪರೇಷನ್ ಆಗಬೇಕಾದ ಎಡಗಣ್ಣಿನ ಲೆನ್ಸು ದೂರಕ್ಕೋ ಹತ್ತಿರಕ್ಕೋ ಎಂದು ಕೇಳಿದರು. ಬರೆದಿಟ್ಟುಕೊಳ್ಳಬೇಕಂತೆ.

ಕಾಜಪ್ಪ ದನಿ ತಗ್ಗಿಸಿದ. "ಎದುರಂಗಡಿಯವನಿಗೂ ಎಡಗಣ್ಣು ಬಾಕಿ ಇದೆಯಲ್ಲ ನರ್ಸಮ್ಮಾ, ಅವನು ಏನು ಬರೆಸಿದಾನೆ?"

ಆ ಕಡೆಯಿಂದ ಉದ್ದನೆಯ ಉಸಿರು ಕೇಳಿಸಿತು. "ಇನ್ನೊಂದು ಫೋನಲ್ಲಿ ಅವರೇ ಇದಾರೆ. ನೀವು ಏನು ಹೇಳ್ತೀರೋ ಕೇಳ್ಕೊಂಡು ಹೇಳ್ತಾರಂತೆ."

ಕಾಜಪ್ಪ ತಲೆ ಎತ್ತಿದ. ಮೂವತ್ತಡಿ ದೂರದ ಮೆಟ್ಟಿಲ ಮೇಲೆ, ಕಿವಿಗೆ ಫೋನು ಒತ್ತಿಕೊಂಡು, ಎದುರಂಗಡಿಯವನು ಕಣ್ಣು ಮಿಟುಕಿಸದೆ ಇವನ ತುಟಿಗಳನ್ನೇ ನೋಡುತ್ತಿದ್ದ.