ಸಾಹುಕಾರರ ಕಾರಿಗೆ ಸೆಕೆಯಾದ ಕಥೆ

ಮೇಷ್ಟರಾದವನ ಬಾಯಿಂದ ಎಲ್ಲ ಮಾತೂ ಬರುತ್ತವೆ, ‘ಗೊತ್ತಿಲ್ಲ’ ಎಂಬ ಒಂದು ಮಾತು ಬಿಟ್ಟು. ಇದು ವೃತ್ತಿಯ ರೋಗ. ಗಿರಣಿಯಲ್ಲಿ ದುಡಿಯುವವರಿಗೆ ಕೆಮ್ಮು ಬರುವಂತೆ ನಮಗೆ ಉತ್ತರ ಬರುತ್ತದೆ. ಯಾರಾದರೂ ದಾರಿ ಕೇಳಿದರೆ, ಆ ಊರಿನ ಹೆಸರನ್ನು ನಾನು ಆಗಲೇ ಮೊದಲು ಕೇಳುತ್ತಿದ್ದರೂ, ಎಡಕ್ಕೋ ಬಲಕ್ಕೋ ಕೈ ತೋರಿಸಿಯೇ ಕಳಿಸುತ್ತೇನೆ. ಪಾಪ, ಅವರು ಎಲ್ಲಿಗೆ ಹೋಗಿ ಮುಟ್ಟಿದರೋ ಶಿವನೇ ಬಲ್ಲ. ದಾವಣಗೆರೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೈದು ವರ್ಷದಿಂದ ವಿಜ್ಞಾನ ಹೇಳುತ್ತಿರುವ ನನಗೆ ಈ ರೋಗ ಎಲುಬಿನವರೆಗೆ ಇಳಿದಿದೆ. ಒಮ್ಮೆ ಅದು ನನ್ನ ತಂಗಿ ಗಿರಿಜೆಯ ಮದುವೆಯನ್ನೇ ತಪ್ಪಿಸುವುದರಲ್ಲಿತ್ತು.

ಗಿರಿಜೆಯನ್ನು ಅದಾಗಲೇ ಎರಡು ಕಡೆಯವರು ನೋಡಿ, ಉಪ್ಪಿಟ್ಟು ತಿಂದು, ‘ಮನೆಗೆ ಹೋಗಿ ಕಾಗದ ಬರೀತೀವಿ’ ಎಂದು ಎದ್ದು ಹೋಗಿದ್ದರು. ಕಾಗದ ಬಂದಿರಲಿಲ್ಲ. ಅಂಚೆಯವನು ಬೀದಿಗೆ ಬಂದರೆ ಅವ್ವ ಬಾಗಿಲಿಗೆ ಬರುವುದು, ಅವನು ಮುಂದೆ ಹೋದರೆ ಒಳಗೆ ಹೋಗಿ ಪಾತ್ರೆ ಕುಕ್ಕುವುದು ನಡೆದಿತ್ತು. ಮೂರನೆಯ ಸಂಬಂಧ ಹರಿಹರದ್ದು. ಹುಡುಗ ಅಲ್ಲಿನ ಯಂತ್ರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಆದರೆ ಅವನ ಅಜ್ಜಿಗೆ ಮಂಡಿ ನೋವು, ಓಡಾಡುವಂತಿಲ್ಲ. ಅಜ್ಜಿ ನೋಡದೆ ಆ ಮನೆಯಲ್ಲಿ ಎಮ್ಮೆಯನ್ನೂ ಕೊಳ್ಳುವುದಿಲ್ಲವಂತೆ. ‘ನೀವೇ ಕರ್ಕೊಂಡು ಬರ್ರಿ’ ಎಂದು ಹೇಳಿ ಕಳಿಸಿದರು. ಹೆಣ್ಣನ್ನು ತೋರಿಸಲು ನಾವೇ ಹೋಗುವುದೇ? ಅವ್ವ ಎರಡು ದಿನ ಯೋಚಿಸಿ, “ಹೋಗೋದಾದ್ರೆ ಕಾರಿನಾಗ ಹೋಗೋಣ. ಬಸ್ಸಿನಾಗ ಹೆಣ್ಣು ತಂದ್ರು ಅನ್ನಿಸ್ಕೊಳ್ಳೋದು ಬ್ಯಾಡ” ಎಂದು ತೀರ್ಮಾನ ಕೊಟ್ಟರು.

ಕಾರು ನಮ್ಮ ಮನೆ ಮಾಲೀಕರಾದ ಸಾಹುಕಾರರದ್ದು. ಅವರ ಮಕ್ಕಳಿಗೆ ನಾನು ಮನೆಪಾಠ ಹೇಳುತ್ತಿದ್ದೆ, ಭಾನುವಾರಗಳಲ್ಲಿ ಅದೇ ಕಾರಿನಲ್ಲಿ ಡ್ರೈವಿಂಗ್ ಕಲಿತಿದ್ದೆ. ಹೀಗಾಗಿ ಅವರಿಗೆ ಇಲ್ಲ ಎನ್ನಲಾಗಲಿಲ್ಲ. ಹತ್ತಿ ಬೀಜ ಬಿಡಿಸುವ ಕಾರ್ಖಾನೆ ಅವರದು. ಕಾರು ಮನೆಯಿಂದ ಆ ಕಾರ್ಖಾನೆಯ ಅಂಗಳಕ್ಕೆ ಹೋಗಿ, ದಿನವಿಡೀ ಅಲ್ಲೇ ನಿಂತು, ಸಂಜೆ ಮನೆಗೆ ಬರುತ್ತಿತ್ತು. ಅದಕ್ಕಿಂತ ದೂರ ಅದು ಹೋದದ್ದನ್ನು ನಾನು ಕಾಣೆ. ಇನ್ನು ಆ ಕಾಲದ ದಾವಣಗೆರೆಯಲ್ಲಿ ಹತ್ತಿ ಎಲ್ಲಿರಲಿಲ್ಲ? ಗಾಳಿಯಲ್ಲಿತ್ತು, ಹುಬ್ಬಿನಲ್ಲಿತ್ತು, ಹೋಟೆಲಿನ ಚಹಾದಲ್ಲಿತ್ತು. ಕಾರಿನಲ್ಲಿದ್ದರೆ ಆಶ್ಚರ್ಯವೇನು?

ಹೊರಡುವ ದಿನ ಗಿರಿಜೆ ಹಸಿರು ರೇಷ್ಮೆ ಸೀರೆಯುಟ್ಟು ಬಂದವಳು ಕಾರಿನ ಮುಂದೆ ನಿಂತು ಬಗ್ಗಿ ನೋಡಿದಳು. “ಅಣ್ಣ, ಇದರ ಮೂತಿ ತುಂಬ ಹತ್ತಿ ಕೂತೈತಲ್ಲ?”

ನಾನೂ ನೋಡಿದೆ. ಮುಂದಿನ ಸರಳುಗಳ ಹಿಂದೆ ರೇಡಿಯೇಟರಿನ ಸಣ್ಣ ಸಣ್ಣ ಕಿಂಡಿಗಳಲ್ಲೆಲ್ಲ ಹತ್ತಿಯ ಎಳೆ ಸೇರಿ, ಧೂಳು ಕುಡಿದು, ಗಟ್ಟಿಯಾಗಿ ಕೂತಿತ್ತು. ಹಾಗೇಕಿದೆ ಎಂಬುದು ನನಗೆ ದೇವರಾಣೆಗೂ ಗೊತ್ತಿರಲಿಲ್ಲ. ಆದರೆ ರೋಗ ಬಿಡಬೇಕಲ್ಲ! “ಅದು ಕಂಪನಿಯವರೇ ತುಂಬಿದ್ದು. ಹತ್ತಿಯಲ್ಲಿ ಶಾಖ ಸುಲಭವಾಗಿ ಹರಿಯಲ್ಲ. ಹೊರಗಿನ ಬಿಸಿಲು ಎಂಜಿನ್ನಿಗೆ ತಾಕಬಾರದು ಅಂತ ಈ ವ್ಯವಸ್ಥೆ” ಎಂದೆ.

“ಎಷ್ಟು ತಿಳ್ಕಂಡಾನ ನನ್ನ ಮಗ!” ಎಂದರು ಅವ್ವ.

“ಹೊರಗಿನ ಬಿಸಿ ಒಳಗೆ ಬರಲ್ಲ, ಸರಿ. ಒಳಗಿನ ಬಿಸಿ ಹೊರಗೆ ಹೆಂಗೆ ಹೋಗ್ತೈತೆ? ರಜಾಯಿ ಹೊದ್ದು ಓಡಿದ್ರೆ ಸೆಕಿ ಆಗಲ್ಲೇನು?” ಎಂದಳು ಗಿರಿಜೆ.

“ಹತ್ತಿ ವಿಷಯ ಬಿಡು, ಕಾರು ಹತ್ತು” ಎಂದೆ.

ವೈಶಾಖದ ಬಿಸಿಲು. ಊರು ದಾಟಿ ಮೂರು ಮೈಲಿ ಹೋಗುವುದರೊಳಗೆ ಸ್ಟಿಯರಿಂಗಿನ ಎದುರಿನ ಮೀಟರಿನ ಮುಳ್ಳೊಂದು ಬಲತುದಿಗೆ ಹೋಗಿ ನಿಂತಿತು. ಪೆಟ್ರೋಲು ತುಂಬಿದೆ ಎಂದು ನಾನು ಸಂತೋಷಪಟ್ಟೆ. ಅದು ನೀರಿನ ಬಿಸಿ ತೋರಿಸುವ ಮುಳ್ಳೆಂದು ತಿಳಿದದ್ದು ಕಾರಿನ ಮೂತಿಯಿಂದ ಹಬೆ ಎದ್ದಾಗ. ಇಳಿದವನೇ ಟವೆಲು ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಕುದಿಯುವ ನೀರು ಮಾರುದ್ದ ಚಿಮ್ಮಿತು. ಪುಣ್ಯಕ್ಕೆ ಮುಖ ಉಳಿಯಿತು. ಗಂಜಿ ಹಾಕಿಸಿದ ಬಿಳಿ ಅಂಗಿಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಮೂಡಿದವು. ಕುಡಿಯಲು ತಂದಿದ್ದ ಹೂಜಿಯ ನೀರನ್ನು ಸುರಿಯಹೋದರೆ ಅವ್ವ ಕೈ ಹಿಡಿದರು. “ಕಾದ ಹಂಚಿಗೆ ತಣ್ಣೀರು ಹಾಕಿದ್ರೆ ಬಿರಿತೈತೆ. ತಡಿ ಸ್ವಲ್ಪ.” ತಡೆದು ಹಾಕಿದೆ. ಒಂದು ಮೈಲಿ ಹೋಯಿತು, ಮತ್ತೆ ಹಬೆ.

ಅಷ್ಟರಲ್ಲಿ ಹರಿಹರದ ಬಸ್ಸು ನಮ್ಮನ್ನು ದಾಟಿತು. ಕಿಟಕಿಗೊಂದು ತಲೆಯಂತೆ ಎಲ್ಲರೂ ಹಣಕಿ ನೋಡಿದರು. ಅವ್ವ ಸೆರಗನ್ನು ಮುಖದವರೆಗೆ ಎಳೆದುಕೊಂಡು, “ಇದೂ ಹೋತು ಬಿಡು. ಹೇಳಿದ ಹೊತ್ತಿಗೆ ಬರದವರ ಹೆಣ್ಣನ್ನ ಯಾರು ತಗೋತಾರೆ?” ಎಂದರು. ನನಗೆ ಕಾರಿನ ಮೇಲೂ ಬಿಸಿಲಿನ ಮೇಲೂ ಸಿಟ್ಟು ಬಂತು. ನನ್ನ ಮೇಲೆ ಮಾತ್ರ ಬರಲಿಲ್ಲ.

ಗಿರಿಜೆ ಕಾರಿನ ಮುಂದೆ ಬಂದು ನಿಂತಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದಳು, ಜಡೆಯಿಂದ ಎರಡು ಹೇರ್‌ಪಿನ್ನು ಕಿತ್ತಳು, ಒಂದನ್ನು ಅವ್ವನ ಕೈಗೆ ಕೊಟ್ಟಳು. ಎಂಜಿನ್ನು ಆರಿದ ಮೇಲೆ ಹುಣಸೆ ಮರದ ನೆರಳಲ್ಲಿ ತಾಯಿ ಮಗಳು ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟೇ ನಿಧಾನವಾಗಿ, ಒಂದೊಂದೇ ಕಿಂಡಿಯಿಂದ ಹತ್ತಿ ಎಳೆದರು. ಒಂದು ದಿಂಬಿಗಾಗುವಷ್ಟು ಬಂತು. ನಾನು ಹೊಲದ ಬಾವಿಯಿಂದ ನೀರು ಹೊತ್ತು ತಂದೆ. ಅಲ್ಲಿಂದ ಮುಂದೆ ಮುಳ್ಳು ನಡುವಿಗೆ ಬಂದು ಸಾಧುವಾಗಿ ನಿಂತಿತು.

ಹರಿಹರದ ಮನೆಯಲ್ಲಿ ಅಜ್ಜಿ ಮಂಚದ ಮೇಲೆ ಕೂತಿದ್ದರು. “ಯಾಕ ಇಷ್ಟು ಹೊತ್ತು?” ಎಂಬುದೇ ಮೊದಲ ಮಾತು. ನಾನು ಗಂಟಲು ಸರಿಮಾಡಿಕೊಂಡೆ. ಈಗ ಹೇಳುವುದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. “ರೇಡಿಯೇಟರಿನಲ್ಲಿ ಹತ್ತಿ ಸೇರಿಕೊಂಡಿತ್ತು. ನಾನು ಕಂಡುಹಿಡಿದು ತೆಗೆದೆ” ಎಂದೆ.

“ಯಾತರಿಂದ ತೆಗೆದ್ರಿ ಸಾರ್?” ಹುಡುಗ ಕುತೂಹಲದಿಂದ ಕೇಳಿದ.

“ಹೇರ್‌ಪಿನ್ನಿನಿಂದ.”

ಅಜ್ಜಿ ನನ್ನ ಬೋಳುತಲೆಯನ್ನು ಒಮ್ಮೆ ನೋಡಿದರು. “ಮೇಷ್ಟ್ರು ಹೇರ್‌ಪಿನ್ನು ಎಲ್ಲಿ ಸಿಗಿಸ್ತಾರೆ?”

ಮನೆಯೆಲ್ಲ ನಕ್ಕಿತು. ಅವ್ವನೂ ನಕ್ಕುಬಿಟ್ಟರು. ಹುಡುಗ ಗಿರಿಜೆಯ ಕಡೆ ತಿರುಗಿ, “ನಿಮಗೆ ಹೆಂಗೆ ಗೊತ್ತಾತು?” ಎಂದ. ತಲೆ ತಗ್ಗಿಸಿ ಕೂತಿದ್ದವಳು ತಲೆಯೆತ್ತಿದಳು. ಒಲೆಯ ಮುಂದೆ ಕೂತವರಿಗೆ ಗಾಳಿಯ ಬೆಲೆ ಗೊತ್ತಿರುತ್ತದೆ ಎಂದಳು. ಆಮೇಲೆ ಅವನು ಅವಳಿಗೆ, ಅವಳು ಅವನಿಗೆ ಹೇಳುತ್ತ ಹೋದರು: ಎಂಜಿನ್ನಿನೊಳಗೆ ಪೆಟ್ರೋಲು ಉರಿಯುವ ಕೊಳವೆಗಳ ಸುತ್ತ ನೀರು ಹರಿಯುತ್ತದೆ, ಕಾದ ನೀರನ್ನು ಪಂಪು ಮುಂದಿನ ರೇಡಿಯೇಟರಿಗೆ ತಳ್ಳುತ್ತದೆ, ಅಲ್ಲಿ ತೆಳು ನಾಳಗಳಲ್ಲಿ ಇಳಿಯುವಾಗ ಎದುರುಗಾಳಿ, ಹಿಂದಿನಿಂದ ಫ್ಯಾನು ಎಳೆದ ಗಾಳಿ, ಎರಡೂ ಸೇರಿ ಅದರ ಬಿಸಿ ಹೊತ್ತೊಯ್ಯುತ್ತವೆ, ತಂಪಾದ ನೀರು ಮತ್ತೆ ಒಳಕ್ಕೆ. “ನೀರು ಬರೀ ಹಮಾಲಿ ಇದ್ದಂಗೆ. ಬಿಸಿ ಹೊರ್ತೈತೆ. ಇಳಿಸಿಕೊಳ್ಳೋಕೆ ಗಾಳಿನೇ ಬೇಕು” ಎಂದ ಹುಡುಗ. “ಅದಕ್ಕೇ ಎಷ್ಟು ನೀರು ಹಾಕಿದ್ರೂ ಕುದೀತು” ಎಂದಳು ಗಿರಿಜೆ. ಆ ಹೊತ್ತು ಅವಳ ಮುಖದಲ್ಲಿದ್ದ ಬೆಳಕನ್ನು ನಾನು ಮನೆಯಲ್ಲಿ ಎಂದೂ ಕಂಡಿರಲಿಲ್ಲ.

“ಇಷ್ಟು ಚುರುಕಿದ್ದಾಳೆ, ಎಲ್ಲಿ ತನಕ ಓದಿಸೀರಿ?” ಎಂದರು ಅಜ್ಜಿ.

“ಎಸ್ಸೆಸ್ಸೆಲ್ಸಿ” ಎಂದೆ.

“ಯಾಕ ಬಿಡಿಸಿದ್ರಿ?”

ಸೈನ್ಸು ಹೆಣ್ಣುಮಕ್ಕಳ ತಲೆಗೆ ಹತ್ತುವುದಿಲ್ಲ ಎಂದು ಬಿಡಿಸಿದ್ದೆ. ಅದನ್ನು ಆ ಮನೆಯಲ್ಲಿ ಕೂತು ಹೇಗೆ ಹೇಳಲಿ? ಅವ್ವ ಮೇಲೆ ನೋಡುತ್ತ ಮಾಳಿಗೆಯ ತೊಲೆ ಎಣಿಸತೊಡಗಿದರು. ಜೀವನದಲ್ಲಿ ಮೊದಲ ಸಲ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ.

ಸಂಬಂಧ ಕೂಡಿತು. ಮದುವೆಯಾದ ಮೇಲೆ ಅವಳು ಹರಿಹರದಿಂದ ದಿನಾ ರೈಲಿನಲ್ಲಿ ದಾವಣಗೆರೆಗೆ ಬಂದು ಕಾಲೇಜು ಓದಿದಳು. ಗಂಡನೇ ಟಿಫನ್ ಕ್ಯಾರಿಯರ್ ಹಿಡಿದು ಅವಳನ್ನು ಸ್ಟೇಷನ್ನಿಗೆ ಬಿಟ್ಟು ಬರುತ್ತಿದ್ದ. ಈಗ ಅವಳು ಹರಿಹರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಕಳೆದ ತಿಂಗಳು ನಮ್ಮ ಶಾಲೆಗೆ ಬಂದ ಇನ್‌ಸ್ಪೆಕ್ಟರು ನನ್ನ ಪಾಠ ಕೇಳಿ, “ಹರಿಹರದಲ್ಲೊಬ್ಬರು ಟೀಚರಿದ್ದಾರೆ, ಒಂದು ದಿನ ಅವರ ಕ್ಲಾಸಿನಲ್ಲಿ ಕೂತು ಬನ್ನಿ” ಎಂದರು. ಹೋದೆ. ಕೊನೆಯ ಬೆಂಚಿನಲ್ಲಿ ಕೂತೆ. ಅವಳು ಪಾಠದ ನಡುವೆ ಒಂದು ಪ್ರಶ್ನೆ ಕೇಳಿದಳು. ಅದರ ಉತ್ತರ ನನಗೆ ನಿಜಕ್ಕೂ ಗೊತ್ತಿತ್ತು! ಥಟ್ಟನೆ ಕೈ ಎತ್ತಿದೆ. ಮನೆಯಲ್ಲಿ ‘ನೀನು’ ಎನ್ನುವವಳು ಅಲ್ಲಿ ಬಹುವಚನದಲ್ಲೇ ಹೇಳಿದಳು: “ಕೈ ಇಳಿಸ್ರಿ ಅಣ್ಣ. ಹುಡುಗೇರು ಹೇಳಲಿ.”