ಸೋಲುವುದಕ್ಕೆ ಸಂಬಳ

ಚರ್ಚ್‌ಗೇಟಿನಿಂದ ಬೊರಿವಲಿಯವರೆಗೆ ಟೆನ್ನಿಸಿನಲ್ಲಿ ನನ್ನ ಸರ್ವೀಸನ್ನು ತಿರುಗಿಸಿ ಹೊಡೆದ ಗಂಡಸು ಆಗ ಒಬ್ಬನೂ ಇರಲಿಲ್ಲ. ಬೇಕಾದರೆ ನೋಡಿದವರನ್ನು ಕೇಳಿ ಎನ್ನುತ್ತಿದ್ದೆ, ಆದರೆ ನೋಡಿದವರೆಲ್ಲ ಮೇಲೆ ಹೋಗಿಬಿಟ್ಟಿದ್ದಾರೆ. ಐವತ್ತರ ದಶಕದ ಮುಂಬೈಯ ಮಾತು. ಇಂಥ ಕೈ ಇದ್ದರೂ ಗೊಂದಲ ಮಾತ್ರ ನನ್ನ ಬೆನ್ನು ಬಿಟ್ಟದ್ದಿಲ್ಲ. ಇವತ್ತಿಗೂ ಬೊರಿವಲಿಯ ನಮ್ಮ ಬಿಲ್ಡಿಂಗಿನ ಬೆಂಚಿನಲ್ಲಿ ಕೂತು ಹೇಳಿದರೆ ಜನ ನಗುತ್ತಾರೆ. ನಗಲಿ. ನಾನು ಆಗ ನಕ್ಕಿರಲಿಲ್ಲ.

ಉಡುಪಿ ಕಡೆಯಿಂದ ಬಂದವನು ನಾನು, ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಮಾಟುಂಗದಲ್ಲಿ ಸೋದರಮಾವನ ಹೋಟೆಲಿನಲ್ಲಿ ದೋಸೆಹಿಟ್ಟು ರುಬ್ಬುತ್ತಿದ್ದೆ. ರುಬ್ಬುಕಲ್ಲು ತಿರುಗಿಸಿದ ಕೈಗೆ ರಾಕೆಟ್ ಎಂದರೆ ಬೀಸಣಿಗೆ. ವಿಲೆ ಪಾರ್ಲೆಯ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿ ಸೇರಿಕೊಂಡೆ. ಮಾರ್ಕರ್ ಎಂದರೆ ಸಂಬಳಕ್ಕೆ ಆಡುವವನು; ಮೆಂಬರ್ ಸಾಹೇಬರಿಗೆ ಜೊತೆ ಸಿಗದಿದ್ದಾಗ ಎದುರು ನಿಂತು ಆಡಬೇಕು. ಮೂರು ತಿಂಗಳು ನೋಡುತ್ತೇವೆ, ಆಮೇಲೆ ಕಾಯಂ ಎಂದರು ಸೆಕ್ರೆಟರಿ ಸಾಹೇಬರು. ಮಾವ ಹೊರಡುವಾಗಲೇ ಹೇಳಿದ್ದರು: "ಹೋಗು ಮಾರಾಯ. ಕಲ್ಲು ಇಲ್ಲೇ ಇರ್ತದೆ, ಎಲ್ಲಿಗೂ ಓಡುವುದಿಲ್ಲ." ಕಾಯಂ ಆಗದಿದ್ದರೆ ಮತ್ತೆ ಆ ಕಲ್ಲೇ ಗತಿ.

ಎಷ್ಟು ಸೋಲಬೇಕು

ಮೊದಲ ದಿನ ಒಬ್ಬ ಜಡ್ಜ್ ಸಾಹೇಬರು ಬಂದರು. ಆರು–ಸೊನ್ನೆಯಲ್ಲಿ ಸೋಲಿಸಿ, ಶಾಬಾಸ್ ಸಿಗುತ್ತದೆಂದು ನಿಂತೆ. ಸೆಕ್ರೆಟರಿ ಮೂಲೆಗೆ ಕರೆದು ಬೈದರು. ಮೆಂಬರ್‌ಗಳನ್ನು ಸೋಲಿಸಲಿಕ್ಕೆ ಅವರ ಹೆಂಡಿರಿದ್ದಾರೆ, ನಿನಗೆ ಸಂಬಳ ಕೊಡುವುದು ಸೋಲುವುದಕ್ಕೆ ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಆದರೂ ಮರುದಿನ ಹೇಳಿದ ಹಾಗೆ ಸೊನ್ನೆ–ಆರು ಸೋತೆ. ಮತ್ತೆ ಮೂಲೆಗೆ ಕರೆದರು. ಮಾರ್ಕರ್ ತಮ್ಮನ್ನು ಗೇಲಿ ಮಾಡಿದ ಎಂದು ಜಡ್ಜ್ ಸಾಹೇಬರು ಮುಖ ಊದಿಸಿಕೊಂಡು ಹೋಗಿದ್ದರಂತೆ.

ಹಾಗಾದರೆ ಎಷ್ಟು ಸೋಲಲಿ ಎಂದು ಕೇಳಿದೆ. ಸೆಕ್ರೆಟರಿ ಯೋಚನೆ ಮಾಡಿ ಹೇಳಿದರು: "ಅವರು ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಳ್ಳುವಷ್ಟು. ಹೆಂಡತಿ ನಂಬುವಷ್ಟು."

ಬೊರಿವಲಿಗೆ ಹೋಗಿ ಬಂದ ಬಾಲ್

ಕ್ಲಬ್ಬಿನ ಗೋಡೆ ಆಚೆ ರೈಲು ಹಳಿ. ಒಂದು ದಿನ ಒಬ್ಬ ಹತ್ತಿ ವ್ಯಾಪಾರಿ ಮೆಂಬರ್ ಜೊತೆ ಆಡುವಾಗ ನನ್ನ ಸರ್ವೀಸ್ ಅವರ ಕಡೆಯ ಮಣ್ಣಿನ ಅಂಕಣದಲ್ಲಿ ಒಮ್ಮೆ ಪುಟಿದು, ಗೋಡೆ ಹಾರಿ, ಬೊರಿವಲಿ ಲೋಕಲಿನ ಕಿಟಕಿಯೊಳಗೆ ಹೋಯಿತು. ಪಾಯಿಂಟು ನನ್ನದು ಎಂದೆ. ಅವರು ವ್ಯಾಪಾರಿ, ಸುಲಭಕ್ಕೆ ಬಿಡುತ್ತಾರೆಯೇ? ಬಾಲ್ ಎರಡನೇ ಸಲ ನೆಲಕ್ಕೆ ಬಿದ್ದರೆ ತಾನೆ ನಿನ್ನ ಪಾಯಿಂಟು, ಬಿದ್ದದ್ದನ್ನು ಯಾರು ನೋಡಿದ್ದಾರೆ ಎಂದು ರಾಕೆಟ್ ಹಿಡಿದು ಅಲ್ಲೇ ನಿಂತರು. ಮೆಂಬರ್ ನಿಂತ ಮೇಲೆ ಮಾರ್ಕರ್ ಕೂರುವ ಹಾಗಿಲ್ಲ.

ಒಂದು ಗಂಟೆ ಕಳೆದು ಅದೇ ಲೋಕಲ್ ವಾಪಸು ಬಂತು. ಯಾರೋ ಪುಣ್ಯಾತ್ಮ ಕಿಟಕಿಯಿಂದ ಬಾಲನ್ನು ಒಳಗೆ ಎಸೆದ. ವ್ಯಾಪಾರಿ ಅದನ್ನು ನೆಲ ಮುಟ್ಟುವ ಮೊದಲೇ ಬಾರಿಸಿ ಪಾಯಿಂಟು ತೆಗೆದುಕೊಂಡರು. ದಾರಿಯುದ್ದಕ್ಕೂ ಯಾರಾದರೂ ಅದನ್ನು ನೆಲಕ್ಕೆ ಬಿಟ್ಟಿದ್ದರೋ ಎಂದು ನಾನು ಕೇಳುವಷ್ಟರಲ್ಲಿ ರೈಲು ಅಂಧೇರಿ ಕಡೆಯಿಂದ ಸಾಂತಾಕ್ರೂಜ್ ಕಡೆಗೆ ಹೋಗಿಬಿಟ್ಟಿತ್ತು.

ಎರಡೂ ಕಾಲು

ಒಬ್ಬ ಡಾಕ್ಟರ್ ಮತ್ತು ಅವರ ಹೆಂಡತಿ, ಇಬ್ಬರೂ ಮೆಂಬರ್. ಆ ದಿನ ಗಂಡ ಹೆಂಡತಿ ಎದುರುಬದುರು. ನಾನು ಬಾಯಿಯವರ, ಅಂದರೆ ಡಾಕ್ಟರರ ಹೆಂಡತಿಯ, ಜೊತೆಗಾರ. ಡಾಕ್ಟರು ಕಣ್ಣು ಮಿಟುಕಿಸಿದರು, ನನ್ನನ್ನು ಗೆಲ್ಲಿಸು ಎಂದು. ಬಾಯಿಯವರು ನಿನ್ನೆಯಿಂದ ಮನೆಯಲ್ಲಿ ಮಾತಿಲ್ಲ, ಇವತ್ತು ಗೆಲ್ಲಲೇಬೇಕು ಎಂದು ಕಿವಿಯಲ್ಲಿ ಹೇಳಿದರು. ಯಾರು ಸೋತರೂ ದೂರು ನನ್ನ ಮೇಲೆ. ಕಲ್ಲು ಕಣ್ಣ ಮುಂದೆ ಬಂತು. ಕಾಲು ಉಳುಕಿತು ಎಂದು ಕೂತುಬಿಟ್ಟೆ.

ಡಾಕ್ಟರು ಎಡಗಾಲಿಗೆ ಪಟ್ಟಿ ಕಟ್ಟಿದರು. ಮರುದಿನ ಅವಸರದಲ್ಲಿ ನಾನು ಬಲಗಾಲು ಎಳೆದುಕೊಂಡು ಬಂದೆ. ಅವರು ಬಹಳ ಹೊತ್ತು ನೋಡಿ, "ಹರಡಿದೆ" ಎಂದು ಅದಕ್ಕೂ ಕಟ್ಟಿದರು. ಒಂದು ವಾರ ಬಾತುಕೋಳಿಯ ಹಾಗೆ ನಡೆದೆ.

ಕಾಯಂ ಆದ ದಿನ

ಮೂರು ತಿಂಗಳು ಮುಗಿಯಿತು. ಅಷ್ಟರಲ್ಲಿ ಊರೊಳಗಿನ ಇನ್ನೊಂದು ಕ್ಲಬ್ಬಿನ ಮಾರ್ಕರ್ ನನ್ನ ಕೆಲಸಕ್ಕೆ ಅರ್ಜಿ ಹಾಕಿದ. ನನಗಿಂತ ಹತ್ತು ವರ್ಷ ಹಳಬ. ಕಮಿಟಿ ಒಂದು ಮ್ಯಾಚ್ ಇಟ್ಟಿತು: ಗೆದ್ದವನಿಗೆ ಕೆಲಸ. ಅವತ್ತು ಆಷಾಢ ಏಕಾದಶಿ. ಸೆಕ್ರೆಟರಿ ಉಪವಾಸ; ಮನೆಯಲ್ಲಿ ಸಾಬುದಾಣಿ ಖಿಚಡಿ, ಉಪವಾಸಕ್ಕೆ ಸಲ್ಲುವ ಸಬ್ಬಕ್ಕಿ ತಿಂಡಿ, ಕಾಯುತ್ತಿತ್ತು.

ಬೆಳಿಗ್ಗೆಯೇ ಆಟ ಶುರುವಾಯಿತು, ಗ್ರಹಚಾರವೂ ಶುರುವಾಯಿತು. ಗೆಲ್ಲುವ ಪಾಯಿಂಟು ಬಂದ ಕೂಡಲೇ ನನ್ನ ಕೈ ತಾನಾಗಿ ಬಾಲನ್ನು ನೆಟ್ಟಿಗೆ ಹೊಡೆಯುತ್ತದೆ. ಅವನ ಕೈ ಗೆರೆಯಾಚೆ ಹೊಡೆಯುತ್ತದೆ. ಸೋತು ಸೋತು ಅಭ್ಯಾಸವಾದ ಕೈಗಳು, ಏನು ಮಾಡುವುದು? ಹೊಡೆದ ಮೇಲೆ ಇಬ್ಬರೂ ಬಾಯಿ ತಪ್ಪಿ "ವೆಲ್ ಪ್ಲೇಡ್, ಸಾಹೇಬ್" ಎನ್ನುವುದು ಬೇರೆ.

ಮಧ್ಯಾಹ್ನ ದಾಟಿತು. ಆಗ ಜಡ್ಜ್ ಸಾಹೇಬರು ಎದ್ದು ಒಂದು ತೀರ್ಪು ಕೊಟ್ಟರು. ಮಾರ್ಕರನ ಕೆಲಸವೇ ಸೋಲುವುದು, ಹಾಗಿದ್ದ ಮೇಲೆ ಸೋತವನಿಗೇ ಕೆಲಸ ಸಲ್ಲಬೇಕು ಎಂದರು. ಕಮಿಟಿ ತಲೆ ಆಡಿಸಿತು.

ನನಗೆ ಜೀವ ಬಂತು. ನನ್ನ ಸರ್ವೀಸನ್ನೆಲ್ಲ ಬೇಕೆಂದೇ ನೆಟ್ಟಿಗೆ ಹೊಡೆದು ಗೇಮ್ ಅವನಿಗೆ ಕೊಟ್ಟೆ. ಅವನೇನು ಕಡಿಮೆಯೇ? ತನ್ನ ಸರದಿ ಬಂದಾಗ ಅವನೂ ಹಾಗೇ ಮಾಡಿ ಗೇಮ್ ನನಗೆ ಕೊಟ್ಟ. ಎರಡು ಗೇಮ್ ಮುಂದೆ ಹೋಗದೆ ಯಾರೂ ಗೆದ್ದ ಹಾಗಲ್ಲ. ಹತ್ತು–ಹತ್ತು ಆಯಿತು. ಇಪ್ಪತ್ತು–ಇಪ್ಪತ್ತು ಆಯಿತು. ಕತ್ತಲಾಗುವಾಗ ನಲವತ್ತು–ನಲವತ್ತು. ಬಾಲು ನೆಟ್ಟನ್ನು ದಾಟಿದ್ದನ್ನು ಆ ಮಧ್ಯಾಹ್ನದ ಮೇಲೆ ಯಾರೂ ಕಾಣಲಿಲ್ಲ. ಕೊನೆಗೆ ಸೆಕ್ರೆಟರಿ ಹೊಟ್ಟೆ ಹಿಡಿದುಕೊಂಡು ಅಂಗಳಕ್ಕೇ ಬಂದು, ಇಬ್ಬರೂ ನಾಳೆಯಿಂದ ಕಾಯಂ, ಈಗ ನನ್ನನ್ನು ಮನೆಗೆ ಬಿಡಿ ಎಂದು ಕೈ ಮುಗಿದರು.

ಮೊನ್ನೆ ಬೆಂಚಿನಲ್ಲಿ ಇದನ್ನು ಹೇಳಿ ಮುಗಿಸಿದೆ. ಎಲ್ಲರೂ ನಕ್ಕರು, ಮೇಲಿನ ಮಹಡಿಯ ಬೆಳಗಾವಿಯವರೊಬ್ಬರನ್ನು ಬಿಟ್ಟು. ಅವರು ರಿಟೈರ್ಡ್ ಗುಮಾಸ್ತರು, ಕೂತಲ್ಲೇ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

"ಕಾಕಾ, ಆಷಾಢ ಏಕಾದಶಿಗೆ ಮುಂಬೈದಾಗ ಮಳಿ ಹೆಂಗ ಹೊಡೀತದ ಗೊತ್ತದ ಇಲ್ಲೋ? ಮಣ್ಣಿನ ಕೋರ್ಟ್ ಕೆರಿ ಆಗಿರ್ತದ. ನೀವು ಮುಂಜಾನಿಂದ ಸಂಜೀತನಕ ಅದರಾಗ ಹೆಂಗ ಆಡಿದ್ರಿ?"

ಬೆಂಚು ಪೂರಾ ನನ್ನ ಕಡೆ ತಿರುಗಿತು. ನಾನು ಭುಜ ಹಾರಿಸಿದೆ.

"ಮಳೆ ಬಂದಿದ್ದರೂ ಬಂದಿರಬಹುದು ಮಾರಾಯ್ರೆ. ನಾನು ಬಾಲ್ ನೋಡ್ತಿದ್ದೆ. ಆಕಾಶ ನೋಡಿದವರು ಯಾರು?"