ಮೊಬೈಲಿನಲ್ಲಿ ಮಧ್ಯದ ಕುರ್ಚಿ

ಕಡಬದಲ್ಲಿ ಫ್ಲೆಕ್ಸ್ ಬ್ಯಾನರಿನ ಅಂಗಡಿ ಇಟ್ಟು, ಇಪ್ಪತ್ತು ಅಡಿಯ ಶುಭಾಶಯಗಳನ್ನೇ ಅಳೆದು ಕತ್ತರಿಸಿದ ನನಗೆ ವೆಬ್‌ಸೈಟಿನ ತಲೆಗೊಂದು ಚಿತ್ರ ಕೂರಿಸುವುದು ಯಾವ ಮಹಾ ಕೆಲಸ? ಅರಂತೋಡಿನ ಮಾವನವರ ಕುಟುಂಬಕ್ಕೆ ವೆಬ್‌ಸೈಟ್ ಮಾಡಿಕೊಡುವುದಾಗಿ ನಾನಾಗಿಯೇ ಘೋಷಿಸಿದೆ.

ಚಿತ್ರ ಸಿದ್ಧವಿತ್ತು. ಕುಟುಂಬದ ಪೂಜೆಯ ದಿನ ಹದಿಮೂರು ಕುರ್ಚಿ ಸಾಲಾಗಿ ಇಟ್ಟು ತೆಗೆದದ್ದು. ಅಂದು ಹಿರಿಯರೆಲ್ಲ ಮಧ್ಯದ ಕುರ್ಚಿಗೆ "ನೀವು ಕೂತ್ಕೊಳ್ಳಿ", "ಛೆ, ನೀವು" ಎಂದು ಮರ್ಯಾದೆ ಕೊಡುತ್ತ ಕೊಡುತ್ತ ಬದಿಗೆ ಸರಿದು, ಯಜಮಾನರಾದ ಮಾವನೇ ಎಡತುದಿ ಸೇರಿದ್ದರು. ಕ್ಯಾಮೆರಾಕ್ಕೆ ಟೈಮರ್ ಕೊಟ್ಟು ಓಡಿಬಂದ ನಾನು ಖಾಲಿ ಕಂಡಲ್ಲಿ ಕೂತುಬಿಟ್ಟೆ.

ಕಂಪ್ಯೂಟರಿನಲ್ಲಿ ಹದಿಮೂರು ಜನವೂ ಚೆನ್ನಾಗಿ ಕಂಡರು. ಉದ್ಘಾಟನೆಗೆ ಮಾವ ಭಾನುವಾರ ಹತ್ತಕ್ಕೆ ನಮ್ಮ ಮನೆಗೆ ಬರುವುದೆಂದಾಯಿತು. ಅಂದು ಒಂಬತ್ತೂವರೆಗೆ ಹೆಂಡತಿ ಸುಮ ತನ್ನ ಮೊಬೈಲಿನಲ್ಲಿ ತೆರೆದಳು.

"ಇದೆಂತ ಮಾರಾಯ್ರೆ, ನೀವೊಬ್ರೇ ಇರುದು?"

ಮೊಬೈಲಿನ ಸಪೂರ ಪರದೆ ಚಿತ್ರದ ಎರಡೂ ಬದಿ ಕತ್ತರಿಸಿ ಮಧ್ಯವನ್ನಷ್ಟೇ ಉಳಿಸಿಕೊಂಡಿತ್ತು. ಮೇಲೆ ಕುಟುಂಬದ ಹೆಸರು. ಕೆಳಗೆ ಕಾಲ ಮೇಲೆ ಕಾಲು ಹಾಕಿ ಕೂತ ಅಳಿಯ!

ಆಮಂತ್ರಣ ಪತ್ರಿಕೆಯಲ್ಲಿ ತಮ್ಮನ ಹೆಸರು ತನ್ನ ಹೆಸರಿಗಿಂತ ಮೇಲೆ ಬಂತೆಂದು ನಾಲ್ಕು ವರ್ಷದಿಂದ ಆ ತಮ್ಮನೊಡನೆ ಮಾತು ಬಿಟ್ಟವರು ನಮ್ಮ ಮಾವ.

"ಅಪ್ಪ ಇದನ್ನು ನೋಡಿದ್ರೆ ಇನ್ನು ಈ ಮನೆಯ ಮೆಟ್ಲು ಹತ್ಲಿಕ್ಕಿಲ್ಲ," ಎಂದಳು ಸುಮ.

ಚಿತ್ರವನ್ನು ಸರಿಸಿ ಎಡತುದಿ ಕಾಣುವಂತೆ ಮಾಡಿದೆ. ಮಾವ ಪರದೆಗೆ ಬಂದರು, ಬಲತುದಿಯ ಅತ್ತೆ ಹೊರಗೇ ಉಳಿದರು.

"ಅಮ್ಮನನ್ನು ಬಿಟ್ರೆ ಅದು ಬೇರೆಯೇ ಗಲಾಟೆ ಉಂಟು."

ಎಲ್ಲರನ್ನೂ ಹಿಡಿಸಲು ಅಗಲ ಕುಗ್ಗಿಸಿದೆ. ಹದಿಮೂರು ಜನವೂ ಅಲಸಂಡೆ ಕಾಯಿಯಂತೆ ಸಪೂರವಾಗಿ ನನ್ನನ್ನೇ ದಿಟ್ಟಿಸಿದರು. ಅಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತ ಸದ್ದು ಕೇಳಿತು. ಹೆದರಿಕೆಯಲ್ಲಿ ಚಿತ್ರವನ್ನು ಮೊದಲಿನಂತೆ ಮಾಡಿ, ಅದರಿಂದ ನನ್ನೊಬ್ಬನನ್ನು ಅಳಿಸಿ ಹಾಕಿದೆ. ಮೊಬೈಲಿನಲ್ಲಿ ಉಳಿದದ್ದು ಖಾಲಿ ಕುರ್ಚಿ ಮಾತ್ರ.

ಮಾವ ಕೂತರು, ಕನ್ನಡಕ ಹಾಕಿದರು, ಮೊಬೈಲ್ ಕೇಳಿದರು. ಕಂಪ್ಯೂಟರಿನಲ್ಲಿ ನೋಡಿ ಎಂದರೂ ಕೇಳಲಿಲ್ಲ. ಪರದೆಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು ನೋಡಿದರು. ಕೊನೆಗೆ ಅವರು ಮೊಬೈಲನ್ನು ಮೇಜಿನ ಮೇಲಿಟ್ಟು ಅದಕ್ಕೆ ಕೈ ಮುಗಿದರು.

"ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸಿಡ್ತೇವಲ್ಲ, ಹಾಗೆ ಅವರಿಗೊಂದು ಕುರ್ಚಿ ಬಿಟ್ಟಿದ್ದೀರಿ. ಅವರ ಎದುರು ನಾವು ಕಾಣುದು ಎಂತಕ್ಕೆ? ಲಾಯ್ಕ ಉಂಟು ಅಳಿಯಂದ್ರೆ."

ಮದುವೆಯಾದ ಒಂಬತ್ತು ವರ್ಷಗಳಲ್ಲಿ ಮಾವ ನನ್ನನ್ನು ಹೊಗಳಿದ್ದು ಅದೇ ಮೊದಲು. ಅದೂ ನಾನಿಲ್ಲದ ಚಿತ್ರಕ್ಕೆ.